ಅಪ್‌ಡೇಟ್: ಎರಡು ಫಿಲ್ಟರ್ ವೀಲ್ ಅದಲುಬದಲಾಗುವ ಸಮಸ್ಯೆ ಬಗೆಹರಿಯಿತು

ನನ್ನ ಟೆಲಿಸ್ಕೋಪ್‌ನ ಮುಖ್ಯ ಕ್ಯಾಮೆರಾಗೊಂದು, ಗೈಡ್ ಕ್ಯಾಮೆರಾಗೊಂದು (ಟೆಲಿಸ್ಕೋಪ್ ನಕ್ಷತ್ರದ ಜೊತೆ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡುವ ಕ್ಯಾಮೆರಾ) ಫಿಲ್ಟರ್ ವೀಲ್ (ಫಿಲ್ಟರ್ ಬದಲಿಸುವ ಚಕ್ರ) ಇದೆ, ಎರಡೂ ಒಂದೇ ಮಾಡೆಲ್, ಆನ್ ಮಾಡಿದಾಗ ಕಂಪ್ಯೂಟರ್‌ನಲ್ಲಿ ಅದಲುಬದಲಾಗುತ್ತವೆ ಎಂದು ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಪೋರ್ಟ್ ಹೆಸರನ್ನು ಖಾಯಂ ಮಾಡಿ ಎಂದವರ ಸಲಹೆಯೇ ಕೆಲಸ ಮಾಡಿತು. ತುಂಬಾ ಥ್ಯಾಂಕ್ಸ್! ಲಿನಕ್ಸ್ ಯುಎಸ್‌ಬಿಗೆ ಸಿಕ್ಕಿಸಿದ ಈ ವೀಲ್‌ಗಳಿಗೆ ಟಿಟಿವೈಯುಎಸ್‌ಬಿ 0, 1 ಅಂತ ಹೆಸರಿಡುವುದು ಕಣ್ಣಿಗೆ ಬಿದ್ದ ಕ್ರಮದಲ್ಲಿ. ಅದಕ್ಕೇ ಪ್ರತಿ ಬೂಟ್‌ಗೂ ಬದಲಾಗಬಹುದು. ಸೀರಿಯಲ್ ನಂಬರ್ ನೋಡಿ ಗುರುತಿಸುವ ದಾರಿ ನಡೆಯಲಿಲ್ಲ. ಎರಡರ ಯುಎಸ್‌ಬಿ ಚಿಪ್‌ನಲ್ಲೂ ಪ್ರತ್ಯೇಕ ನಂಬರೇ ಇಲ್ಲ. ಹಾಗಾಗಿ ಸಿಕ್ಕಿಸಿದ ಜಾಗದಿಂದ ಗುರುತಿಸುವ 'ಬೈ-ಪಾತ್' ವಿಳಾಸ ಕೊಟ್ಟೆ. ಕೇಬಲ್ ಮಾತ್ರ ಯಾವಾಗಲೂ ಅದೇ ಪೋರ್ಟ್‌ಗೆ ಹಾಕಬೇಕು. ಹಬ್ ಬದಲಿಸಿದ್ದು, ಡ್ರೈವರ್ ಮತ್ತೆ ಹಾಕಿದ್ದು ಪ್ರಯೋಜನಕ್ಕೆ ಬರಲಿಲ್ಲ.

ಇನ್ನೊಂದು ಹೊಸ ವಿಷಯ ಗೊತ್ತಾಯಿತು. ಐಎನ್‌ಡಿಐನಲ್ಲಿ (ಟೆಲಿಸ್ಕೋಪ್ ಉಪಕರಣಗಳನ್ನು ನಡೆಸುವ ಸಾಫ್ಟ್‌ವೇರ್) ಫಿಟ್ಸ್ ಹೆಡರ್‌ಗೆ, ಅಂದರೆ ಫೋಟೋ ಫೈಲ್‌ನ ಮಾಹಿತಿ ಭಾಗಕ್ಕೆ, ಫಿಲ್ಟರ್ ಹೆಸರು ಬರೆಯುವುದು ಕ್ಯಾಮೆರಾ ಡ್ರೈವರ್. ಅದು ಯಾವ ವೀಲನ್ನು ಗಮನಿಸುತ್ತಿದೆಯೋ ಆ ಹೆಸರೇ ಬರುತ್ತದೆ. ಐಎನ್‌ಡಿಐ ಜೊತೆ ಫೋಟೋ ತೆಗೆಯಲು ಬಳಸುವ ಎಕೋಸ್ ಪ್ರೋಗ್ರಾಂನಲ್ಲಿ ಎರಡು ಆಪ್ಟಿಕಲ್ ಟ್ರೇನ್ (ಯಾವ ಕ್ಯಾಮೆರಾ ಜೊತೆ ಯಾವ ಉಪಕರಣ ಎಂಬ ಜೋಡಣೆ) ಮಾಡಿ, ಪ್ರತಿ ಕ್ಯಾಮೆರಾಗೂ ಅದರದ್ದೇ ವೀಲ್ ಜೋಡಿಸಿದೆ. ಮುಖ್ಯ ಕ್ಯಾಮೆರಾದ ಹೈಡ್ರೋಜನ್-ಆಲ್ಫಾ ಫಿಲ್ಟರ್ ಫೋಟೋಗಳಿಗೆ ಗೈಡ್ ವೀಲ್‌ನ ಇನ್‌ಫ್ರಾರೆಡ್ ಫಿಲ್ಟರ್ ಹೆಸರು ಬೀಳುತ್ತಿದ್ದುದು ನಿಂತಿತು. ಫ್ಲಾಟ್‌ಗಳೂ (ಬೆಳಕಿನ ಏರುಪೇರು, ಧೂಳಿನ ಕಲೆ ಸರಿಪಡಿಸಲು ಪ್ರತಿ ಫಿಲ್ಟರ್‌ಗೂ ತೆಗೆಯುವ ಫೋಟೋಗಳು) ಈಗ ಸರಿಯಾದ ಫೋಟೋಗಳಿಗೇ ಹೊಂದುತ್ತಿವೆ.