ಗಾಳ ಕಲಿಯುವವರ ಪ್ರಶ್ನೆಗಳು: ಭಾನುವಾರ ಸಂಜೆಯ ಪ್ರಶ್ನೋತ್ತರ

ಗಾಳದಂಗಡಿ, ಮೈಸೂರು: ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷದಿಂದ ರಾಡ್, ರೀಲ್ ಮಾರುತ್ತೇನೆ, ರಿಪೇರಿ ಮಾಡುತ್ತೇನೆ. ಗಾಳ ಹಾಕುವುದು ಅದಕ್ಕೂ ಹಳೆಯದು. ಅಡ್ಮಿನ್ ಕೇಳಿಕೊಂಡಿದ್ದರಿಂದ ಇವತ್ತು ಹೊಸಬರ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಕೆರೆಯೋ, ಹೊಳೆಯೋ, ಕಡಲೋ ಅಂತ ಮೊದಲು ಬರೆಯಿರಿ. ಅದು ಗೊತ್ತಿಲ್ಲದೆ ಸಾಮಾನು ಹೇಳಲು ಆಗುವುದಿಲ್ಲ.

ಹೊಸ ಗಾಳ: ಅಣ್ಣಾ, ತುಮಕೂರು ಕಡೆಯ ಕೆರೆ. ಜಿಲೇಬಿ, ಗೆಂಡೆ ಮೀನು ಸಿಗುತ್ತವೆ. ಇಷ್ಟು ದಿನ ಬಿದಿರು ಕೋಲಿನಲ್ಲಿ ಹಿಡಿಯುತ್ತಿದ್ದೆ. ಈಗ ರಾಡ್ ತಗೋಬೇಕು. ಯಾವುದು ತಗೊಳ್ಳಲಿ?

ಗಾಳದಂಗಡಿ, ಮೈಸೂರು: 7 ಅಡಿಯ ಫೈಬರ್ ಗ್ಲಾಸ್ ರಾಡ್, ಎರಡು ತುಂಡಿನದು, ಮೀಡಿಯಂ. 3000 ಸೈಜಿನ ಸ್ಪಿನ್ನಿಂಗ್ ರೀಲ್. 0.30 ಮಿ.ಮೀ. ನೈಲಾನ್ ದಾರ. ಗಾಳ 6 ಅಥವಾ 8 ನಂಬರ್. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, ಇದನ್ನು ಹೊಸಬರು ಯಾವಾಗಲೂ ತಿರುಗಾ ಮುರುಗಾ ಮಾಡುತ್ತಾರೆ. ಒಂದು ಬೆಂಡು, ಒಂದು ಚಿಕ್ಕ ಸೀಸ. ಎರೆಹುಳು ಸಾಕು. ಗೆಂಡೆಗೆ ರಾಗಿ ಮುದ್ದೆ ಕೂಡ ಆಗುತ್ತದೆ, ಸ್ವಲ್ಪ ಗಟ್ಟಿಯಾಗಿ ಕಟ್ಟಿ.

ದಾರವನ್ನು ಸ್ಪೂಲಿನ, ಅಂದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಯ, ಅಂಚಿಗೆ ಎರಡು ಮಿ.ಮೀ. ಬಿಟ್ಟು ಸುತ್ತಿ. ಜಾಸ್ತಿ ಸುತ್ತಿದರೆ ಎಸೆಯುವಾಗ ಗಂಟುಗಂಟಾಗಿ ಉದುರುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ನೈಲಾನ್ ಉಜ್ಜಿಕೊಂಡು ಬಿಸಿಯಾಗುತ್ತದೆ, ಅಲ್ಲೇ ಕಡಿಯುತ್ತದೆ. ಡ್ರ್ಯಾಗ್ ಅಂದರೆ ಮೀನು ಎಳೆದಾಗ ರೀಲಿನಿಂದ ದಾರ ಎಷ್ಟು ಬಿಗಿಯಾಗಿ ಬಿಡಬೇಕು ಅನ್ನುವ ಹಿಡಿತ. ಅದನ್ನು ಹೊಂದಿಸಲು ಸುಲಭ ದಾರಿ ಇದೆ. ದಾರದ ತುದಿಗೆ ಒಂದೂವರೆ ಲೀಟರ್ ನೀರಿನ ಬಾಟಲಿ ಕಟ್ಟಿ ಮೇಲೆತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ದಾರ ಮೆಲ್ಲಗೆ ಜಾರಬೇಕು. 5 ಕೆ.ಜಿ. ತಡೆಯುವ ದಾರಕ್ಕೆ ಅಷ್ಟು ಡ್ರ್ಯಾಗ್ ಸರಿ. ಮೀನು ದಾರ ಎಳೆದುಕೊಂಡು ಓಡುವಾಗ ಹ್ಯಾಂಡಲ್ ತಿರುಗಿಸಬೇಡಿ. ದಾರ ಹುರಿಗಟ್ಟುತ್ತದೆ.

ಕೆರೆಯನ್ನು ಯಾರಾದರೂ ಗುತ್ತಿಗೆ ಹಿಡಿದಿದ್ದರೆ ಅವರನ್ನು ಕೇಳಿ ಕೂತುಕೊಳ್ಳಿ. ಮೀನು ಮರಿ ಬಿಟ್ಟವರು ಅವರು.

ಶನಿವಾರದ ಗಾಳ: ನೈಲಾನ್ ಯಾಕೆ ಸರ್? ಈಗ ಎಲ್ಲರೂ ಬ್ರೇಡ್, ಅಂದರೆ ಹೆಣೆದ ದಾರ ಹಾಕುತ್ತಾರೆ.

ಗಾಳದಂಗಡಿ, ಮೈಸೂರು: ಹೊಸಬರಿಗೆ ನೈಲಾನ್. ಅದು ಹಿಗ್ಗುತ್ತದೆ, ಕೈ ತಪ್ಪಿದರೂ ಮೀನು ಉಳಿಯುತ್ತದೆ. ಬ್ರೇಡ್ ಹಿಗ್ಗುವುದಿಲ್ಲ. ಕೈಗೆ ಸುತ್ತಿಕೊಂಡು ಎಳೆದರೆ ಚರ್ಮ ಕೊಯ್ಯುತ್ತದೆ.

ಕುಂದಾಪುರ ಕಡಲು: ಕಡಲಿಗೆ ಬನ್ನಿ ಮಾರಾಯ್ರೆ, ಆಗ ನೈಲಾನ್ ಬಗ್ಗೆ ಮಾತಾಡುವ. ಬಂಡೆ ಮೇಲೆ ನಿಂತು ಕೆಂಬೇರಿ ಮೀನು ಹಿಡಿದರೆ ನಿಮ್ಮ 0.30 ದಾರ ಎರಡು ಸೆಕೆಂಡ್ ನಿಲ್ಲುವುದಿಲ್ಲ.

ಶನಿವಾರದ ಗಾಳ: ಕರೆಕ್ಟ್. ಬ್ರೇಡ್ ಮೇಲು.

ಮಲೆನಾಡ ಹೊಳೆ: ಅವರು ತುಮಕೂರಿನ ಕೆರೆ ಅಂತ ಬರೆದಿದ್ದಾರೆ. ಅಲ್ಲಿ ಕೆಂಬೇರಿ ಎಲ್ಲಿಂದ ಬಂತು?

ಕುಂದಾಪುರ ಕಡಲು: ನಾನು ಸಾಮಾನ್ಯವಾಗಿ ಹೇಳಿದ್ದು. ನೀವು ಯಾಕೆ ಸಿಟ್ಟಾಗುತ್ತೀರಿ?

ಮಂಡ್ಯದ ಅಪ್ಪ: ಸರ್, ನಮಸ್ತೆ. ಮಗನಿಗೆ 13 ವರ್ಷ. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಾನೆ, ರಾಡ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಆನ್‌ಲೈನಿನಲ್ಲಿ 12 ಅಡಿಯ ಮಡಚುವ ಕಾರ್ಬನ್ ರಾಡ್ ನೋಡಿದೆ, ಹಗುರ ಇದೆಯಂತೆ. ಊರ ಕೆರೆ ಏರಿಯ ಮೇಲೆ ತೂಬಿನ ಹತ್ತಿರ ಕೂತುಕೊಳ್ಳುತ್ತಾನೆ. ಅಲ್ಲಿ ಪಂಪ್‌ಸೆಟ್ ಲೈನ್ ಹೋಗಿರುವುದರಿಂದ ಲೈಟು ಕೂಡ ಇದೆ, ಸಂಜೆ ಭಯ ಇಲ್ಲ. ತಗೋಬಹುದಾ?

ಹಾಸನ ಹವ್ಯಾಸಿ: ಅಣ್ಣಾ, ಹೊಸಬರಿಗೆ ಯಾವ ರಾಡ್ ಒಳ್ಳೆಯದು?

ಗಾಳದಂಗಡಿ, ಮೈಸೂರು: ಹಾಸನದವರೇ, ಮೇಲೆ ಬರೆದಿದ್ದೇನೆ.

ಮಂಡ್ಯದವರೇ, ತಗೋಬೇಡಿ. ಆರ್ಡರ್ ಹಾಕಿದ್ದರೆ ಕ್ಯಾನ್ಸಲ್ ಮಾಡಿ. ಯಾಕೆ ಅಂತ ಪೂರ್ತಿ ಓದಿ, ಮಗನಿಗೂ ಓದಿಸಿ.

ಕಾರ್ಬನ್ ಅಂದರೆ ಕರೆಂಟ್ ಹರಿಯುವ ವಸ್ತು. ರಾಡ್ ಮೇಲೆ ಬಣ್ಣ ಬಳಿದಿರುವುದರಿಂದ ಅದು ಪ್ಲಾಸ್ಟಿಕ್ ಥರ ಕಾಣುತ್ತದೆ, ಒಳಗಿರುವುದು ತಂತಿಯ ಹಾಗೆಯೇ ಕೆಲಸ ಮಾಡುತ್ತದೆ. 12 ಅಡಿ ಅಂದರೆ 3.6 ಮೀಟರ್. ಹುಡುಗ ಎಸೆಯಲು ಕೈ ಮೇಲೆತ್ತಿದರೆ ಇನ್ನೂ ಎರಡು ಮೀಟರ್ ಸೇರಿಸಿ. ರಾಡಿನ ತುದಿ ನೆಲದಿಂದ ಐದೂವರೆ ಮೀಟರ್ ಮೇಲೆ ಹೋಯಿತು. ತಂತಿ ಎಳೆಯುವವರು ಕೆಳಗಿನ ಹೊಲದಿಂದ ಎತ್ತರ ಲೆಕ್ಕ ಹಾಕಿರಬಹುದು, ನಿಮ್ಮ ಮಗ ನಿಲ್ಲುವುದು ಏರಿಯ ಮೇಲೆ. ಬೇಸಗೆಯಲ್ಲಿ ತಂತಿ ಇನ್ನೂ ಜೋತು ಬೀಳುತ್ತದೆ. ಪಂಪ್‌ಸೆಟ್ ಟ್ರಾನ್ಸ್‌ಫಾರ್ಮರಿಗೆ ಬರುವ ತಂತಿ ಸಾಮಾನ್ಯವಾಗಿ 11 ಸಾವಿರ ವೋಲ್ಟಿನದು. ಅಷ್ಟು ಕರೆಂಟಿಗೆ ರಾಡ್ ತಾಗಬೇಕು ಅಂತಲೂ ಇಲ್ಲ, ಹತ್ತಿರ ಬಂದರೆ ಸಾಕು, ಹಾರುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬರು ನನ್ನ ಅಂಗಡಿಗೆ ಕಾರ್ಬನ್ ರಾಡ್ ರಿಪೇರಿಗೆ ತಂದರು. ತುದಿಯ ಒಂದು ಅಡಿ ಸುಟ್ಟು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು, ಪೊರಕೆ ಹಾಗೆ. ರಾಡ್ ಅವರದ್ದಲ್ಲ, ಅವರ ಭಾವಮೈದುನನದು. ಅವನು ಆಸ್ಪತ್ರೆಯಲ್ಲಿದ್ದ. ಅಂಗೈಯಲ್ಲಿ ಹೊಕ್ಕ ಕರೆಂಟ್ ಪಾದದಲ್ಲಿ ಹೊರಬಿದ್ದಿತ್ತು. ಬದುಕಿದ, ಆದರೆ ಬಲಗೈಯ ಎರಡು ಬೆರಳು ಹೋದವು. ನಾನು ಆ ರಾಡ್ ರಿಪೇರಿ ಮಾಡಲಿಲ್ಲ. ಕೇಳಿ ಇಟ್ಟುಕೊಂಡೆ. ಕೌಂಟರ್ ಹಿಂದಿನ ಗೋಡೆಗೆ ನೇತು ಹಾಕಿದ್ದೇನೆ.

ಆದ್ದರಿಂದ ಮೊದಲು ಜಾಗ ಬದಲಿಸಿ, ಆಮೇಲೆ ರಾಡ್ ಮಾತು. ತಂತಿಯಿಂದ ನೂರು ಅಡಿ ದೂರ ಇರಬೇಕು. ತಂತಿ ಕೆಳಗೆ ನಡೆದು ಹೋಗುವಾಗ ರಾಡ್ ಬಿಚ್ಚಿ, ನೆಲಕ್ಕೆ ಸಮವಾಗಿ ಹಿಡಿದುಕೊಳ್ಳಬೇಕು. ಹೆಚ್ಚು ಜನ ತಪ್ಪುವುದು ಇಲ್ಲೇ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ರಾಡ್ ಎತ್ತಿ ಹಿಡಿದು ನಡೆಯುವಾಗ. ದಾರ ತಂತಿಗೆ ಸಿಕ್ಕಿಕೊಂಡರೆ ಎಳೆಯಬಾರದು. ಒದ್ದೆ ದಾರದಲ್ಲೂ ಕರೆಂಟ್ ಬರುತ್ತದೆ. ಅದನ್ನು ಮುಟ್ಟದೆ ದೂರ ಬಂದು 1912ಕ್ಕೆ ಫೋನ್ ಮಾಡಬೇಕು, ಅದು ವಿದ್ಯುತ್ ದೂರಿನ ನಂಬರ್. ಯಾರಿಗಾದರೂ ಶಾಕ್ ಹೊಡೆದಿದ್ದರೆ, ಅವರನ್ನಾಗಲಿ ರಾಡನ್ನಾಗಲಿ ಮುಟ್ಟಬೇಡಿ, ಓಡಿಹೋಗಿ ಹಿಡಿಯಬೇಡಿ. 1912, 108 ಎರಡಕ್ಕೂ ಹೇಳಿ. ಗುಡುಗು ಕೇಳಿಸಿದರೆ ರಾಡ್ ನೆಲಕ್ಕಿಟ್ಟು ಜಾಗ ಬಿಡಬೇಕು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ವಾಪಸ್ ಬರಬಾರದು.

13 ವರ್ಷದ ಹುಡುಗನಿಗೆ 6 ಅಡಿಯ ಫೈಬರ್ ಗ್ಲಾಸ್ ರಾಡ್ ಸಾಕು. ಅದು ಒರಟು, ಬಿದ್ದರೂ ಒಡೆಯುವುದಿಲ್ಲ. ಗ್ಲಾಸ್ ರಾಡ್ ಅಂತ ತಂತಿ ಕೆಳಗೆ ಕೂರಬಹುದು ಅಂದುಕೊಳ್ಳಬೇಡಿ. ಕೆಸರು, ನೀರು ಹಿಡಿದ ಮೇಲೆ ಅದನ್ನೂ ನಂಬುವ ಹಾಗಿಲ್ಲ.

ಶನಿವಾರದ ಗಾಳ: ಸರ್, ನನಗೆ ಒಂದು ಫಾರ್ವರ್ಡ್ ಬಂದಿತ್ತು. ಕಾರ್ಬನ್ ರಾಡಿನ ಹಿಡಿಗೆ ಎಲೆಕ್ಟ್ರಿಕ್ ಟೇಪ್ ಮೂರು ಸುತ್ತು ಸುತ್ತಿ, ರಬ್ಬರ್ ಚಪ್ಪಲಿ ಹಾಕಿಕೊಂಡರೆ ಶಾಕ್ ಹೊಡೆಯುವುದಿಲ್ಲವಂತೆ. ನಾನು ಹಾಗೇ ಮಾಡಿದ್ದೇನೆ.

ಗಾಳದಂಗಡಿ, ಮೈಸೂರು: ಆ ಟೇಪ್ ಮನೆಯ 230 ವೋಲ್ಟಿನ ವೈರಿಗೆ ಮಾಡಿದ್ದು. 11 ಸಾವಿರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹವಾಯಿ ಚಪ್ಪಲಿಯೂ ಇಲ್ಲ. ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಶನಿವಾರದ ಗಾಳ: ಎರಡು ವರ್ಷದಿಂದ ಏನೂ ಆಗಿಲ್ಲ ಸರ್.

ಗಾಳದಂಗಡಿ, ಮೈಸೂರು: ಎರಡು ವರ್ಷ ತಂತಿ ತಾಗಿಲ್ಲ, ಅಷ್ಟೇ. ಟೇಪಿನಿಂದ ಅಲ್ಲ.

ಕೆರೆ ಏರಿ: ನೀವು ಅಂಗಡಿಯವರು. ನಿಮ್ಮಲ್ಲಿ ಇರುವ ಗ್ಲಾಸ್ ರಾಡ್ ಖರ್ಚಾಗಲಿ ಅಂತ ಕಾರ್ಬನ್ ಬೇಡ ಅನ್ನುತ್ತೀರಾ?

ಗಾಳದಂಗಡಿ, ಮೈಸೂರು: ಕಾರ್ಬನ್ ರಾಡಿನ ಬೆಲೆ ಜಾಸ್ತಿ, ನನಗೆ ಉಳಿಯುವುದೂ ಜಾಸ್ತಿ. ಎರಡೂ ಮಾರುತ್ತೇನೆ. ಮಕ್ಕಳ ವಿಷಯದಲ್ಲಿ ವ್ಯಾಪಾರದ ಮಾತು ತರಬೇಡಿ.

ಮಲೆನಾಡ ಹೊಳೆ: ಅವರು ಪುಕ್ಕಟೆ ಉತ್ತರ ಕೊಡುತ್ತಿದ್ದಾರೆ, ಸ್ವಲ್ಪ ಮರ್ಯಾದೆ ಇರಲಿ.

ಕೆರೆ ಏರಿ: ಕೇಳುವುದೂ ತಪ್ಪಾ?

ದಾವಣಗೆರೆ ಮಗಳು: ಸರ್, ತುರ್ತು. ನಮ್ಮ ಅಪ್ಪನಿಗೆ ನಿನ್ನೆ ಗಾಳದಿಂದ ಬಿಡಿಸುವಾಗ ಚೇಳು ಮೀನಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಇವತ್ತು ಕೈ ಮಣಿಕಟ್ಟಿನ ತನಕ ಊದಿದೆ. ಅವರಿಗೆ ಶುಗರ್ ಇದೆ. ಏನು ಹಚ್ಚಬೇಕು?

ಬಯಲುಸೀಮೆ ಬಸವ: ಸೀಮೆಎಣ್ಣೆ ಹಚ್ಚಿ ಅಕ್ಕ. ಇಲ್ಲದಿದ್ದರೆ ಹೊಗೆಸೊಪ್ಪು ಅಗಿದು ಕಟ್ಟಿ. ನಮ್ಮ ಗ್ರೂಪಿನಲ್ಲಿ ಬಂದಿತ್ತು, ಗ್ಯಾರಂಟಿ.

ಶನಿವಾರದ ಗಾಳ: ಸುಣ್ಣ ಮತ್ತು ಅರಿಶಿನ ಕೂಡ ಒಳ್ಳೆಯದು.

ಗಾಳದಂಗಡಿ, ಮೈಸೂರು: ಯಾವುದನ್ನೂ ಹಚ್ಚಬೇಡಿ ಅಮ್ಮ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಬೆಳಿಗ್ಗೆ ಅಂತ ಕಾಯಬೇಡಿ. ಶುಗರ್ ಇರುವವರಿಗೆ ನೀರಿನಲ್ಲಿ ಆದ ಗಾಯ ಬೇಗ ಕೆಡುತ್ತದೆ. ಮುಳ್ಳಿನ ತುಂಡು ಒಳಗೆ ಉಳಿದಿರಬಹುದು, ಟಿಟಿ ಇಂಜೆಕ್ಷನ್ ಕೂಡ ಬೇಕಾಗಬಹುದು. ಮೀನಿನ ಮುಳ್ಳು ಅಂತಲೂ ಶುಗರ್ ಅಂತಲೂ ಡಾಕ್ಟರಿಗೆ ಮೊದಲೇ ಹೇಳಿ.

ಉಳಿದವರಿಗೆ: ಚುಚ್ಚಿದ ತಕ್ಷಣವಾದರೆ, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಆ ಮುಳ್ಳಿನ ನಂಜು ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯ ಇಲ್ಲದ ಕೈಯಿಂದ ನೋಡಿ, ಇಲ್ಲದಿದ್ದರೆ ಬೊಬ್ಬೆ ಬರುತ್ತದೆ. ಬಸವ ಅವರೇ, ಗಾಯದೊಳಗೆ ಸೀಮೆಎಣ್ಣೆ ಹಾಕಲು ಹೇಳುವ ಫಾರ್ವರ್ಡನ್ನು ಈ ಗುಂಪಿನಲ್ಲಿ ಇನ್ನೊಮ್ಮೆ ಹಾಕಬೇಡಿ.

ಬಯಲುಸೀಮೆ ಬಸವ: ನಮ್ಮ ತಾತ ಅದನ್ನೇ ಹಚ್ಚುತ್ತಿದ್ದರು. ಅವರು 90 ವರ್ಷ ಬದುಕಿದರು.

ದಾವಣಗೆರೆ ಮಗಳು: ಹೊರಟಿದ್ದೇವೆ ಸರ್. ಥ್ಯಾಂಕ್ಸ್.

ರಾಮನಗರ ರೀಲ್: ಬ್ರದರ್, ಸಂಗಮ, ಮುತ್ತತ್ತಿ ಕಡೆ ಬಿಳಿ ಮೀನು, ಅಂದರೆ ಮಹಶೀರ್ ಹಿಡಿಯಲು ಯಾವ ರೀಲ್ ಬೇಕು? ಮೈಸೂರಿನ ವ್ಯಾನ್ ಇಂಗೆನ್ ಅನ್ನುವವರು 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರಂತೆ. ಅಂಥದ್ದು ಒಂದು ಹಿಡಿಯಬೇಕು.

ಗಾಳದಂಗಡಿ, ಮೈಸೂರು: ಆ ಕಡೆಯ ಹೊಳೆ ಕಾವೇರಿ ವನ್ಯಜೀವಿಧಾಮದೊಳಗೆ ಹರಿಯುತ್ತದೆ. ಅಲ್ಲಿ ಗಾಳ ಹಾಕುವ ಹಾಗಿಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ, 2018ರಲ್ಲೇ ಕೆಂಪು ಪಟ್ಟಿಯ ತೀರಾ ಗಂಭೀರ ವರ್ಗಕ್ಕೆ ಸೇರಿತು. ಇದಕ್ಕೆ ರೀಲ್ ಹೇಳುವುದಿಲ್ಲ.

ರಾಮನಗರ ರೀಲ್: ಹಿಡಿದು ಬಿಟ್ಟುಬಿಡುತ್ತೇನೆ ಬ್ರದರ್.

ಗಾಳದಂಗಡಿ, ಮೈಸೂರು: ಆದರೂ ಇಲ್ಲ.

ಕೆರೆ ಏರಿ: ಹಿಡಿದು ಬಿಡುವುದು ಅಂದರೇನು? ತಿನ್ನುವುದಿಲ್ಲ ಅಂದರೆ ಬಾಯಿಗೆ ಗಾಳ ಚುಚ್ಚಿ ಫೋಟೋ ತೆಗೆಯುವುದು ಯಾಕೆ? ನಮ್ಮ ಊರಿನಲ್ಲಿ ಸಾರಿಗೆ ಬೇಕಾದಷ್ಟೇ ಹಿಡಿಯುತ್ತೇವೆ.

ಮಲೆನಾಡ ಹೊಳೆ: ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಬಿಡಿಸಿದರೆ ಬದುಕುತ್ತದೆ. ನೀವು ಮಳೆಗಾಲದ ಶುರುವಿನಲ್ಲಿ ಮೊಟ್ಟೆ ತುಂಬಿದ ಮೀನನ್ನು ಸಾರು ಮಾಡುತ್ತೀರಲ್ಲ, ಅದು ಸರಿಯಾ?

ಕೆರೆ ಏರಿ: ನನ್ನ ಅಡುಗೆಮನೆಗೆ ಬರಬೇಡಿ.

ಮಲೆನಾಡ ಹೊಳೆ: ನೀವು ಅವರ ಅಂಗಡಿಗೆ ಹೋದಿರಲ್ಲ!

ಬಯಲುಸೀಮೆ ಬಸವ: ಸುಮ್ನೆ ಜಗಳ ಯಾಕೆ? ಮೊನ್ನೆ ನಾನು ಮೂರು ಕೆ.ಜಿ. ಕೊರವ ಮೀನು ಹಿಡಿದೆ. ಮೇಲೆ ಕೆಂಪು ಮರಿಗಳ ಗುಂಪು ಓಡಾಡುತ್ತಿತ್ತು. ಅದರ ನಡುವೆ ಕಪ್ಪೆ ಹಾಕಿದೆ, ಒಂದೇ ಏಟಿಗೆ ಕಚ್ಚಿತು.

ಗಾಳದಂಗಡಿ, ಮೈಸೂರು: ಹಸಿವಿಗೆ ಕಚ್ಚಿದ್ದಲ್ಲ ಅದು. ಆ ಮರಿಗಳ ತಂದೆಯೋ ತಾಯಿಯೋ ಕಾವಲಿಗೆ ನಿಂತಿತ್ತು. ಮರಿಗಳ ಮೇಲೆ ಬಂದ ಕಪ್ಪೆಯನ್ನು ಓಡಿಸಲು ಕಚ್ಚಿದೆ. ಕಾಯುವ ಮೀನು ಹೋದರೆ ಆ ನೂರಾರು ಮರಿಗಳನ್ನು ಬೇರೆ ಮೀನು ಒಂದೇ ದಿನದಲ್ಲಿ ಮುಗಿಸುತ್ತವೆ. ಮುಂದಿನ ವರ್ಷ ಆ ಕೆರೆಯಲ್ಲಿ ಕೊರವ ಇಲ್ಲ ಅಂತ ನೀವೇ ಬಂದು ಕೇಳುತ್ತೀರಿ. ಮರಿಗುಂಪು ಕಂಡರೆ ಅಲ್ಲಿಂದ ಮುಂದೆ ಹೋಗಿ. ಇದನ್ನು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ.

ಬಯಲುಸೀಮೆ ಬಸವ: ಇವತ್ತು ಬರೀ ನನಗೇ ಬೈಗುಳ. ಗ್ರೂಪ್ ಬಿಡುತ್ತೇನೆ.

ಕುಂದಾಪುರ ಕಡಲು: ನನ್ನದೊಂದು ಪ್ರಶ್ನೆ. ರೀಲ್ ಕರಕರ ಅನ್ನುತ್ತದೆ. ಉಪ್ಪುನೀರು. ತೆಂಗಿನೆಣ್ಣೆ ಬಿಡಬಹುದಾ?

ಗಾಳದಂಗಡಿ, ಮೈಸೂರು: ಬೇಡ, ಅಂಟಾಗಿ ಮರಳು ಹಿಡಿಯುತ್ತದೆ. ಕರಕರ ಅಂದರೆ ಬೇರಿಂಗ್ ಹೋಗಿದೆ, ಬಿಚ್ಚಿಸಿ. ಇನ್ನು ಮುಂದೆ ಕಡಲಿನಿಂದ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನಿಂದ ರಭಸವಾಗಿ ಹೊಡೆದರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ.

ಹೊಸಪೇಟೆ ಹುಡುಗ: ಸರ್, ತುಂಗಭದ್ರಾ ಹಿನ್ನೀರಿನಲ್ಲಿ ಪರ್ಮಿಟ್ ಯಾರು ಕೊಡುತ್ತಾರೆ?

ಹಾಸನ ಹವ್ಯಾಸಿ: 3000 ಸೈಜ್ ಅಂದರೆ 3000 ರೂಪಾಯಿನಾ ಅಣ್ಣಾ?

ಗಾಳದಂಗಡಿ, ಮೈಸೂರು: ಅಲ್ಲ. ಸ್ಪೂಲಿನ ಅಳತೆ.

ಹಾಸನ ಹವ್ಯಾಸಿ: ಹಾಗಾದರೆ ರಾಡ್ ಎಷ್ಟು ಅಡಿಯದು?

ಗಾಳದಂಗಡಿ, ಮೈಸೂರು: ಮೇಲೆ ಇದೆ.

ಹೊಸಪೇಟೆ ಹುಡುಗ: ಸರ್, ಪರ್ಮಿಟ್?

ಶನಿವಾರದ ಗಾಳ: ಹಾಸನದವರೇ, ಬ್ರೇಡ್ ಹಾಕಿಸಿ, ಇವರ ಮಾತು ಕೇಳಬೇಡಿ.

ಮಲೆನಾಡ ಹೊಳೆ: ಮತ್ತೆ ಶುರುವಾಯಿತು. ಅಡ್ಮಿನ್ ಎಲ್ಲಿದ್ದಾರೆ?

ಗಾಳದಂಗಡಿ, ಮೈಸೂರು: ಅಂಗಡಿ ಬಾಗಿಲು ಹಾಕುವ ಹೊತ್ತಾಯಿತು. ಮಂಡ್ಯದವರು ಇದ್ದಾರಾ? ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಮಂಡ್ಯದ ಅಪ್ಪ: ಇದ್ದೇನೆ ಸರ್. ಟಾರ್ಚ್ ಹಿಡಿದುಕೊಂಡು ಏರಿ ಮೇಲೆ ಹೋಗಿದ್ದೆ, ಮಗನೂ ಬಂದಿದ್ದ. ತೂಬಿನ ಮೇಲೆ ಸರಿಯಾಗಿ ಮೂರು ತಂತಿ ಹೋಗಿವೆ. ದಿನಾ ಓಡಾಡುತ್ತೇನೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಆರ್ಡರ್ ಕ್ಯಾನ್ಸಲ್ ಮಾಡಿದೆ. ಕೋಡಿ ಪಕ್ಕದಲ್ಲಿ ಹುಣಸೆ ಮರ ಇದೆ, ಅಲ್ಲಿ ತಂತಿ ಇಲ್ಲ. ಅಲ್ಲಿ ಕೂರಿಸಲಾ?

ಗಾಳದಂಗಡಿ, ಮೈಸೂರು: ಕೋಡಿ ಹರಿಯುತ್ತಿದೆಯಾ?

ಮಂಡ್ಯದ ಅಪ್ಪ: ಇಲ್ಲ ಸರ್, ಕೆರೆ ತುಂಬಲು ಇನ್ನೂ ನಾಲ್ಕು ಅಡಿ ಬೇಕು.

ಗಾಳದಂಗಡಿ, ಮೈಸೂರು: ಹಾಗಾದರೆ ಸದ್ಯಕ್ಕೆ ಆಗಬಹುದು. ಕೋಡಿ ಬಿದ್ದ ದಿನದಿಂದ ಅಲ್ಲಿ ಬೇಡ, ಕಲ್ಲು ಜಾರುತ್ತದೆ, ಸೆಳೆತ ಇರುತ್ತದೆ. ಮನೆಯಿಂದ ಹುಣಸೆ ಮರಕ್ಕೆ ಹೋಗುವಾಗ ತೂಬು ದಾಟಬೇಕಾ?

ಮಂಡ್ಯದ ಅಪ್ಪ: ಹೌದು ಸರ್.

ಗಾಳದಂಗಡಿ, ಮೈಸೂರು: ಹಾಗಾದರೆ ಮರದ ಕೆಳಗೆ ಹೋದ ಮೇಲೆಯೇ ರಾಡ್ ಜೋಡಿಸಬೇಕು, ಹೊರಡುವ ಮೊದಲು ಅಲ್ಲೇ ಬಿಚ್ಚಬೇಕು. ಮೊದಲ ನಾಲ್ಕೈದು ಸಲ ನೀವು ಜೊತೆಗೆ ಹೋಗಿ. ಮೈಸೂರಿಗೆ ಬಂದಾಗ ಅವನನ್ನು ಅಂಗಡಿಗೆ ಕರೆದುಕೊಂಡು ಬನ್ನಿ. ಏನೂ ಕೊಳ್ಳಬೇಕಾಗಿಲ್ಲ. ಗೋಡೆಯ ಮೇಲಿನ ಆ ರಾಡನ್ನು ಅವನ ಕೈಗೆ ಕೊಟ್ಟು ತೋರಿಸುತ್ತೇನೆ.