ಸಾಕ್ಷ್ಯಚಿತ್ರವನ್ನು ಉಲ್ಲೇಖಿಸುವಾಗ ಲೇಖಕರ ಜಾಗದಲ್ಲಿ ಯಾರ ಹೆಸರು ಹಾಕ್ತೀರಿ?

ಥೀಸಿಸ್‌ಸಂಕಟ:
ಎಲ್ಲರಿಗೂ ನಮಸ್ಕಾರ. ಸಾಕ್ಷ್ಯಚಿತ್ರಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬರವಣಿಗೆ ಮುಗಿಯುತ್ತಾ ಬಂತು, ಈಗ ಆಕರಗಳ ಪಟ್ಟಿ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ. ನಮ್ಮಲ್ಲಿ ಆಕರ ಬರೆಯೋಕೆ ಎಪಿಎ ಶೈಲಿ ಕಡ್ಡಾಯ. ಅದರಲ್ಲಿ ನಿರ್ದೇಶಕರೇ ಲೇಖಕರ ಜಾಗದಲ್ಲಿ ಕೂರುತ್ತಾರೆ. ಅಂದ್ರೆ ಜಿಗಾ ವೆರ್ತೋವ್. ಗೈಡ್ ಕೂಡ "ಅದರಲ್ಲೇನಿದೆ, ಹಾಕಿ ಮುಂದೆ ಹೋಗಿ" ಅಂದರು.

ಆದ್ರೆ ಅಧ್ಯಾಯದಲ್ಲಿ ಅರ್ಧ ಇರೋದೇ ಸಂಕಲನದ ಬಗ್ಗೆ. ಆ ಮೇಜಿನ ಮುಂದೆ ಕೂತಿದ್ದವರು ವೆರ್ತೋವ್ ಹೆಂಡತಿ ಎಲಿಜವೆತಾ ಸ್ವಿಲೋವಾ. ಕ್ಯಾಮೆರಾ ಹೊತ್ತು ಊರೂರು ಅಲೆದವರು ವೆರ್ತೋವ್ ತಮ್ಮ ಮಿಖಾಯಿಲ್ ಕೌಫ್‌ಮನ್, ತೆರೆ ಮೇಲೆ ಟ್ರೈಪಾಡ್ ಹೆಗಲಿಗೆ ಹಾಕಿಕೊಂಡು ಓಡಾಡುವ ಆಸಾಮಿಯೂ ಅವರೇ. ಪ್ರತಿ ಸಲ ‘ವೆರ್ತೋವ್, 1929’ ಅಂತ ಬರೆಯುವಾಗ ಕೈ ತಡೆಯುತ್ತದೆ.

ಇನ್ನೊಂದು ತಲೆನೋವು. ಯಾರನ್ನು ಯಾರ ಜೊತೆ ಉಲ್ಲೇಖಿಸುತ್ತಾರೆ ಅಂತ ನೋಡೋಕೆ, ನಾನು ಓದಿದ ಲೇಖನಗಳ ಆಕರ ಪಟ್ಟಿಗಳಿಂದ ಒಂದು ಕೋಷ್ಟಕ ಮಾಡಿದ್ದೇನೆ. ಅದರಲ್ಲಿ ಸ್ವಿಲೋವಾ ಇಲ್ಲವೇ ಇಲ್ಲ! ಲೇಖನದ ಒಳಗೆ ಪುಟಗಟ್ಟಲೆ ಅವರ ಬಗ್ಗೆ ಬರೆದವರೂ ಪಟ್ಟಿಗೆ ಬಂದಾಗ ವೆರ್ತೋವ್ ಅಂತಲೇ ಹಾಕಿದ್ದಾರೆ. ನನ್ನ ಎಣಿಕೆಗೆ ಕಾಣೋದು ಪಟ್ಟಿ ಮಾತ್ರ. ಏನ್ ಮಾಡ್ಲಿ?

ಕತ್ತರಿಮೇಜು:
ನಾನು ಎಡಿಟರ್, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಮೊದಲೇ ಹೇಳಿಬಿಡ್ತೀನಿ.

ಆ ಚಿತ್ರದ ಶುರುವಿನ ಟೈಟಲ್ ಇನ್ನೊಮ್ಮೆ ನೋಡಿ. ವೆರ್ತೋವ್ ತನ್ನನ್ನು ನಿರ್ದೇಶಕ ಅಂತ ಕರೆದುಕೊಂಡಿಲ್ಲ, ‘ಪ್ರಯೋಗದ ಲೇಖಕ-ಮೇಲ್ವಿಚಾರಕ’ ಅಂತ ಹಾಕಿಕೊಂಡಿದ್ದಾರೆ. ಕೌಫ್‌ಮನ್ ಮುಖ್ಯ ಕ್ಯಾಮೆರಾಮನ್. ಸ್ವಿಲೋವಾ ಸಂಕಲನ ಸಹಾಯಕಿ. ಸಹಾಯಕಿ! ಅದೇ ಚಿತ್ರದ ನಡುವೆ ಏನಾಗುತ್ತದೆ? ಓಡುತ್ತಿದ್ದ ಕುದುರೆ ತಟ್ಟನೆ ನಿಂತುಬಿಡುತ್ತದೆ. ಆಮೇಲೆ ಬರೀ ಸ್ಥಿರಚಿತ್ರಗಳು, ರೀಲಿನ ಮೇಲೆ ಪುಟ್ಟ ಪುಟ್ಟ ಮುಖಗಳು. ನೋಡಿದರೆ ಸ್ವಿಲೋವಾ ಮೇಜಿನ ಮುಂದೆ ಕೂತಿದ್ದಾರೆ, ಹಿಂದೆ ಚೀಟಿ ಅಂಟಿಸಿದ ಸುರುಳಿಗಳು ಕಪಾಟಿನಲ್ಲಿ ಸಾಲಾಗಿವೆ. ಅವರು ಫಿಲ್ಮಿನ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಕತ್ತರಿಸುತ್ತಾರೆ, ಈಗಷ್ಟೇ ಕಲ್ಲಿನಂತಿದ್ದ ಮುಖ ನಗುತ್ತದೆ. ಟೈಟಲ್ ಕೊಡದ್ದನ್ನು ಚಿತ್ರವೇ ಕೊಟ್ಟಿದೆ ಅಲ್ವಾ.

ನಮ್ಮ ಕೆಲಸದ ಒಳಗುಟ್ಟು ಇದು. ಕಥಾಚಿತ್ರದಲ್ಲಿ ಸ್ಕ್ರಿಪ್ಟ್ ಮೊದಲು ಬರುತ್ತದೆ, ಸಾಕ್ಷ್ಯಚಿತ್ರದಲ್ಲಿ ಎಷ್ಟೋ ಸಲ ಎಡಿಟಿಂಗ್ ಟೇಬಲ್ ಮೇಲೇ ಹುಟ್ಟುತ್ತದೆ. ಒಂದು ಚಿತ್ರದ ರಶಸ್ (ಕತ್ತರಿಸದ ಕಚ್ಚಾ ದೃಶ್ಯಗಳು) ನೋಡಿ ಮುಗಿಸೋದಕ್ಕೇ ನನಗೆ ತಿಂಗಳ ಮೇಲಾಯಿತು. ಕೊನೆಯ ದಿನ ಸುಮ್ನೆ ತೆಗೆದಿದ್ದ ಬಸ್‌ಸ್ಟ್ಯಾಂಡಿನ ಶಾಟನ್ನು ಮೊದಲಿಗೆ ತಂದು ಕೂರಿಸಿದೆ, ಕಥೆ ಅಲ್ಲಿಂದಲೇ ಬಿಚ್ಚಿಕೊಂಡಿತು. ಚಿತ್ರೋತ್ಸವದ ಕೈಪಿಡಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಜಗಳ ಆಡಲಿಲ್ಲ, ಆದರೆ ಮರೆತೂ ಇಲ್ಲ.

ಅರೆನ್ಯಾಯ:
ಕಾನೂನು ಕೇಳಿದರೆ ಇನ್ನೂ ಮಜಾ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಿನಿಮಾದ ‘ಲೇಖಕ’ ಅಂದರೆ ನಿರ್ಮಾಪಕ. ನಿರ್ದೇಶಕರೂ ಅಲ್ಲ, ಎಡಿಟರೂ ಅಲ್ಲ. ಬ್ರಿಟನ್ನಿನಲ್ಲಿ ನಿರ್ಮಾಪಕ ಮತ್ತು ಮುಖ್ಯ ನಿರ್ದೇಶಕ ಇಬ್ಬರೂ ಜಂಟಿ ಲೇಖಕರು. 1922ರ ‘ನಾನೂಕ್ ಆಫ್ ದ ನಾರ್ತ್’ ಸಾಕ್ಷ್ಯಚಿತ್ರಕ್ಕೆ ದುಡ್ಡು ಹಾಕಿದ್ದು ರೆವಿಯೋನ್ ಫ್ರೇರ್ ಅನ್ನುವ ತುಪ್ಪಳದ ಕಂಪನಿ. ನಮ್ಮ ಲೆಕ್ಕ ಅಲ್ಲಿಗೆ ಹಾಕಿದರೆ ತುಪ್ಪಳ ಮಾರುವವರೇ ಲೇಖಕರಾಗಿಬಿಡಬಹುದು. ನಾನೂಕ್ ಆಗಿ ನಟಿಸಿದ ಅಲ್ಲಕರಿಯಲ್ಲಕ್, ಕ್ಯಾಮೆರಾಗೆ ಬೆಳಕು ಸಾಲದು ಅಂತ ಅರ್ಧ ಗೋಡೆ ಇಲ್ಲದ ಹಿಮದ ಮನೆ ಕಟ್ಟಿಕೊಟ್ಟ ಇನ್ಯೂಟ್ ಜನ (ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು), ಇವರೆಲ್ಲ ಯಾವ ಕಾಲಂಗೆ ಬರುತ್ತಾರೋ!

ಕಪಾಟು7:
ಗ್ರಂಥಾಲಯದಲ್ಲಿ ಕೆಲಸ. ಮೊದಲು ಪರಿಹಾರ ಹೇಳ್ತೀನಿ.

ಕಾಲೇಜು ಎಪಿಎ ಅಂದಿದ್ದರೆ ಪಟ್ಟಿಯ ನಮೂನೆ ಮುಟ್ಟೋಕೆ ಹೋಗಬೇಡಿ, ಸುಮ್ನೆ ತಿದ್ದುಪಡಿಗೆ ವಾಪಸ್ ಬರುತ್ತದೆ. ಬದಲಿಗೆ ವಾಕ್ಯದೊಳಗೆ ಹೆಸರು ತನ್ನಿ. ‘ಚಿತ್ರದಲ್ಲಿ ಕುದುರೆಯನ್ನು ನಿಲ್ಲಿಸಲಾಗಿದೆ’ ಅಂತ ಬರೆಯಬೇಡಿ, ‘ಸ್ವಿಲೋವಾ ಇಲ್ಲಿ ಕುದುರೆಯನ್ನು ನಿಲ್ಲಿಸುತ್ತಾರೆ’ ಅಂತ ಬರೆಯಿರಿ. ಎಮ್‌ಎಲ್‌ಎ ಶೈಲಿ ಆಗಿದ್ದರೆ ಸುಲಭ ಇತ್ತು. ಅದರಲ್ಲಿ ಸಾಮಾನ್ಯವಾಗಿ ಚಿತ್ರದ ಹೆಸರು ಮೊದಲು ಬರುತ್ತದೆ, ಒಬ್ಬರ ಕೆಲಸದ ಬಗ್ಗೆಯೇ ಬರೆಯುತ್ತಿದ್ದರೆ ಅವರ ಹೆಸರಿಂದಲೇ ಶುರು ಮಾಡಬಹುದು.

ಕೋಷ್ಟಕದ ಸಮಸ್ಯೆ ಹಳೇ ರೋಗ. 1964ರಲ್ಲಿ ಯೂಜೀನ್ ಗಾರ್‌ಫೀಲ್ಡ್ ಸೈನ್ಸ್ ಸೈಟೇಷನ್ ಇಂಡೆಕ್ಸ್ (ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಅನ್ನುವ ಸೂಚಿ) ಹೊರತಂದಾಗ, ಉಲ್ಲೇಖವಾದ ಲೇಖನಕ್ಕೆ ಮೊದಲ ಲೇಖಕರ ಹೆಸರಷ್ಟೇ ಹಾಕುತ್ತಿದ್ದರು. ಎರಡನೆಯವರು ಎಷ್ಟೇ ದುಡಿದಿದ್ದರೂ ಆ ಎಣಿಕೆಗೆ ಸಿಗುತ್ತಿರಲಿಲ್ಲ. 1981ರಲ್ಲಿ ವೈಟ್ ಮತ್ತು ಗ್ರಿಫಿತ್ ಅನ್ನುವ ಸಂಶೋಧಕರು ಲೇಖಕರ ಸಹ-ಉಲ್ಲೇಖದಿಂದ, ಅಂದ್ರೆ ಯಾರ ಜೊತೆ ಯಾರನ್ನು ಉಲ್ಲೇಖಿಸುತ್ತಾರೆ ಅನ್ನೋದರಿಂದ, ನಕ್ಷೆ ಮಾಡಿ ತೋರಿಸಿದರಲ್ಲ, ನೀವು ಮಾಡುತ್ತಿರೋದು ಅದೇ. ನಕ್ಷೆಯಲ್ಲಿ ಕಾಣೋದು ಜನ ಅಲ್ಲ, ಪಟ್ಟಿಯಲ್ಲಿ ಹಾಗೆ ಬರೆದ ಹೆಸರು. ಜರ್ಮನ್ ಪುಸ್ತಕಗಳಲ್ಲಿ ಅದೇ ವೆರ್ತೋವ್ ಬೇರೆ ಕಾಗುಣಿತದಲ್ಲಿ ಇರುತ್ತಾರೆ, ಅವರು ನಿಮ್ಮ ಕೋಷ್ಟಕದಲ್ಲಿ ಇಬ್ಬರಾಗಿಲ್ಲ ತಾನೇ, ಒಮ್ಮೆ ನೋಡಿ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಊರು ಒಂದು ಇನಿಷಿಯಲ್, ಅಪ್ಪ ಒಂದು ಇನಿಷಿಯಲ್, ಪಾಸ್‌ಪೋರ್ಟಿಗೆ ಅಂತ ಬಿಡಿಸಿ ಬರೆದ ಮೇಲೆ ಒಬ್ಬ ಮನುಷ್ಯ ಮೂರು ಲೇಖಕರು!

ಕೋಷ್ಟಕಕ್ಕೆ ನಿರ್ದೇಶನ, ಕ್ಯಾಮೆರಾ, ಸಂಕಲನ ಅಂತ ಮೂರು ಕಾಲಂ ಮಾಡಿ, ಲೇಖನದ ಒಳಗಿನ ಹೆಸರನ್ನೂ ಎಣಿಸಿ. ಕೈಕೆಲಸ ಜಾಸ್ತಿ, ಬೇರೆ ದಾರಿ ಇಲ್ಲ.

ಹಿಂದುಮುಂದು:
ಗಣಿತದವನು, ದಾರಿ ತಪ್ಪಿ ಬಂದಿದ್ದೇನೆ. ಮುಗಿದ ಚಿತ್ರ ನೋಡಿ ಯಾರು ಏನು ಮಾಡಿದರು ಅಂತ ಹುಡುಕೋದು ನಮ್ಮಲ್ಲಿ ಇನ್ವರ್ಸ್ ಪ್ರಾಬ್ಲಂ. ಪರಿಣಾಮ ಕೈಯಲ್ಲಿದೆ, ಕಾರಣ ಬೇಕು. ಪ್ರಶ್ನೆ ಸರಿಯಾಗಿದೆ ಅನ್ನೋಕೆ ಫ್ರೆಂಚ್ ಗಣಿತಜ್ಞ ಹದಾಮಾರ್ ಹೆಸರಿನಲ್ಲಿ ಮೂರು ಷರತ್ತು ಇವೆ: ಉತ್ತರ ಇರಬೇಕು, ಒಂದೇ ಇರಬೇಕು, ಮಾಹಿತಿ ಚೂರು ಅಲ್ಲಾಡಿದರೆ ಉತ್ತರ ಬುಡಮೇಲಾಗಬಾರದು. ನಿಮ್ಮದರಲ್ಲಿ ಎರಡನೆಯದೇ ಇಲ್ಲ. ಅದೇ ಚಿತ್ರ ಹತ್ತು ಬಗೆಯ ಕೆಲಸದ ಹಂಚಿಕೆಯಿಂದ ಬಂದಿರಬಹುದು. ಕಾಲ ಸೇರಿಕೊಂಡರೆ ಇನ್ನೂ ಕಷ್ಟ. ಬೆರೆತು ತಣ್ಣಗಾದ ಕಾಫಿ ಲೋಟ ನೋಡಿ ಡಿಕಾಕ್ಷನ್ ಯಾವ ಮೂಲೆಯಿಂದ ಸುರಿದರು ಅಂತ ಹೇಳಿ ನೋಡೋಣ! ಬೆರೆಯುವಾಗ ನಡುನಡುವೆ ಅಳತೆ ತೆಗೆದಿದ್ದರೆ ಏನಾದ್ರೂ ಹೇಳಬಹುದು. ಹಾಗಾಗಿ ಬರೀ ಚಿತ್ರ ನೋಡಬೇಡಿ, ಡೈರಿ, ಟಿಪ್ಪಣಿ, ಪತ್ರ, ಕರಡು ಏನಾದ್ರೂ ಉಳಿದಿದೆಯಾ ಹುಡುಕಿ.

ಥೀಸಿಸ್‌ಸಂಕಟ:
ಎಲ್ಲರಿಗೂ ಥ್ಯಾಂಕ್ಸ್. ಹಿಂದುಮುಂದು ಅವರೇ, ಕಾಗದಪತ್ರ ಇದೆ. 1954ರಲ್ಲಿ ವೆರ್ತೋವ್ ತೀರಿಕೊಂಡ ಮೇಲೆ ಅದನ್ನೆಲ್ಲ ಜೋಪಾನ ಮಾಡಿದವರು ಸ್ವಿಲೋವಾನೇ. ಅವರು ಕಾಪಾಡದೇ ಇದ್ದಿದ್ದರೆ ನಾನು ಆವರಣದಲ್ಲಿ ಹಾಕೋಕೆ ಒದ್ದಾಡುತ್ತಿರುವ ಆ ಹೆಸರಿನ ಬಗ್ಗೆಯೂ ಇಷ್ಟು ಗೊತ್ತಿರುತ್ತಿರಲಿಲ್ಲವೇನೋ.

ಕಪಾಟು7 ಮೇಡಂ ಹೇಳಿದಂತೆ ಪಟ್ಟಿ ಹಾಗೇ ಬಿಡ್ತೀನಿ, ವಾಕ್ಯಗಳನ್ನು ತಿದ್ದುತ್ತೇನೆ. ಮೊದಲ ನಾಲ್ಕು ಪುಟ ಆಯಿತು. ‘ಕತ್ತರಿಸಲಾಗಿದೆ’, ‘ಜೋಡಿಸಲಾಗಿದೆ’ ಅಂತ ಎಷ್ಟು ಸಲ ಬರೆದಿದ್ದೆ ಅಂತ ನೋಡಿ ನಾಚಿಕೆ ಆಯಿತು. ಮತ್ತೆ ಹೌದು, ಕೋಷ್ಟಕದಲ್ಲಿ ವೆರ್ತೋವ್ ಇಬ್ಬರಿದ್ದರು.