ಇಎಸ್‌ಐ ಕಾರ್ಡ್ ತೋರಿಸುವಾಗ ಇಲ್ಲದ ಮುಜುಗರ ಸೊನ್ನೆ ಟಿಕೆಟ್‌ಗೆ ಯಾಕೆ?

ಹೆಗ್ಗನಹಳ್ಳಿ ಕ್ರಾಸ್:

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹನ್ನೊಂದು ವರ್ಷದಿಂದ ಕಾಲರ್ ಕೂರಿಸುವುದೇ ಕೆಲಸ. ಸಂಬಳ 13,500. ಮೊನ್ನೆ ಬಸ್ಸಲ್ಲಿ ಆದದ್ದು ಮೊದಲು ಹೇಳುತ್ತೇನೆ, ಆಮೇಲೆ ಪ್ರಶ್ನೆ.

ಸಂಜೆ ಬಸ್ಸು ತುಂಬಿತ್ತು. ಹೇಗೋ ಸೀಟು ಸಿಕ್ಕಿತ್ತು. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಅಲ್ವಾ, ಆಧಾರ್ ತೋರಿಸಿದೆ, ಕಂಡಕ್ಟರ್ ಮೆಷಿನ್ ಒತ್ತಿ ಸೊನ್ನೆ ಟಿಕೆಟ್ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಯಜಮಾನರೊಬ್ಬರು, "ದುಡ್ಡು ಕೊಟ್ಟೋರು ನಿಂತ್ಕೋಬೇಕು, ಬಿಟ್ಟಿ ಓಡಾಡೋರು ಕೂತ್ಕೋಬೇಕು" ಅಂದರು. ನನಗೆ ಅಂತಲ್ಲ, ಗಾಳಿಗೆ ಅಂದ ಹಾಗೆ. ಹತ್ತು ಗಂಟೆ ಮೆಷಿನ್ ಮುಂದೆ ಕೂತು ಬೆನ್ನು ಹಿಡಿದುಕೊಂಡಿತ್ತು. ಆದರೂ ಎದ್ದುಬಿಟ್ಟೆ. ಅವರು ಕೂರಲಿಲ್ಲ. ಅಷ್ಟು ರಶ್ಶಲ್ಲೂ ಆ ಸೀಟು ಒಂದು ಸ್ಟಾಪ್ ಖಾಲಿಯೇ ಹೋಯಿತು.

ಈಗ ಪ್ರಶ್ನೆ. 2018ರಲ್ಲಿ ನನ್ನ ಮಗಳು ಹುಟ್ಟಿದ್ದು ಇಎಸ್‌ಐ ಆಸ್ಪತ್ರೆಯಲ್ಲಿ, ಅಂದರೆ ನಮ್ಮಂಥ ಕೆಲಸಗಾರರ ವಿಮೆಯ ಆಸ್ಪತ್ರೆಯಲ್ಲಿ. ಹೆರಿಗೆಗೆ ಖರ್ಚಿಲ್ಲ, 26 ವಾರದ ರಜೆಗೆ ದುಡ್ಡೂ ಬಂತು. ಆಗ ಬಿಟ್ಟಿ ಅಂತ ಯಾರೂ ಅನ್ನಲಿಲ್ಲ, ನನಗೂ ಹಾಗೆ ಅನ್ನಿಸಲಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ ಕಟ್ ಆಗುತ್ತಲ್ಲ, ಅದರ ಧೈರ್ಯ. ಈಗ ಕಟ್ ಆಗುವುದು ತಿಂಗಳಿಗೆ 102 ರೂಪಾಯಿ, ಅಂದರೆ ವರ್ಷಕ್ಕೆ 1,224. ಅಷ್ಟರಲ್ಲಿ ಯಾವ ಊರಲ್ಲಿ ಹೆರಿಗೆ ಆಗುತ್ತೆ? ಅದೂ ಬೇರೆಯವರ ದುಡ್ಡೇ ಅಲ್ವಾ? ನಮ್ಮ ಯಜಮಾನ್ರು ಇಎಸ್‌ಐ ಇನ್ಶೂರೆನ್ಸು, ಬಸ್ಸು ಓಟಿನ ರಾಜಕೀಯ ಅಂತಾರೆ. ಮಾವನಿಗೆ ಎರಡೂ ಸಮಾಜವಾದ. ಯಾರು ಸರಿ?

ರಿಟೈರ್ಡ್ ಮೇಷ್ಟ್ರು, ವಿಜಯನಗರ:

ನಿನ್ನ ಮಾವನವರಿಗೆ ಒಂದು ವಿಷಯ ಹೇಳಮ್ಮ. ಸಂಬಳದಲ್ಲಿ ಹಿಡಿದು ಆಸ್ಪತ್ರೆ ಖರ್ಚು ಕೊಡುವ ಕಾನೂನನ್ನು ಜಗತ್ತಿನಲ್ಲೇ ಮೊದಲು ಒಂದು ಇಡೀ ದೇಶಕ್ಕೆ ತಂದವನು ಸಮಾಜವಾದಿಯಲ್ಲ, ಸಮಾಜವಾದಿಗಳನ್ನು ಕಂಡರೆ ಆಗದವನು. ಜರ್ಮನಿಯ ಬಿಸ್ಮಾರ್ಕ್. 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆ ಎಲ್ಲ ನಿಷೇಧ ಮಾಡಿದ. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಬೆಲ್ಲ. ಮೂರರಲ್ಲಿ ಎರಡು ಪಾಲು ಕೆಲಸಗಾರ, ಒಂದು ಪಾಲು ಮಾಲೀಕ ಕಟ್ಟಬೇಕಿತ್ತು.

ನಮ್ಮ ಇಎಸ್‌ಐ 1948ರ ಕಾಯ್ದೆಯಿಂದ ಬಂದದ್ದು, ಅದೇ ದಾರಿಯದು. ಈಗ ನೀನು ಕೊಡುವುದು ಸಂಬಳದ 0.75%, ಮಾಲೀಕರು 3.25%. ನಿನ್ನ 102ಕ್ಕೆ ಅವರದ್ದು 439.

ಅದೇ 1948ರ ಜುಲೈನಲ್ಲಿ ಬ್ರಿಟನ್ ಬೇರೆ ದಾರಿ ಹಿಡಿಯಿತು. ಆಸ್ಪತ್ರೆ ಎಲ್ಲರಿಗೂ, ಖರ್ಚು ಹೆಚ್ಚಾಗಿ ತೆರಿಗೆಯಿಂದ. ನೀನೆಷ್ಟು ಕಟ್ಟಿದ್ದೀಯ ಅಂತ ಬಾಗಿಲಲ್ಲಿ ಕೇಳುವ ಹಾಗಿಲ್ಲ. ಜಾರಿಗೆ ತಂದದ್ದು ಲೇಬರ್ ಸರ್ಕಾರ, ಆದರೆ 1942ರಲ್ಲಿ ಅದಕ್ಕೆ ದಾರಿ ಮಾಡಿದ ವರದಿ ಬರೆದ ಬೆವರಿಜ್ ಲಿಬರಲ್ ಪಕ್ಷದ ಕಡೆಯವನು. ನಿನ್ನ ಸೊನ್ನೆ ಟಿಕೆಟ್ ಈ ಎರಡನೇ ಜಾತಿಯದು. ಓಟಿಗಾಗಿ ಅನ್ನುವುದು ಸುಳ್ಳಲ್ಲ. ಬಿಸ್ಮಾರ್ಕ್ ಏನು ಪುಣ್ಯಕ್ಕೆ ಮಾಡಿದನಾ?

ದಿನಾ ಮೆಜೆಸ್ಟಿಕ್:

ಅಕ್ಕ, ಆ ಯಜಮಾನರು ಹಾಗೆ ಅನ್ನಬಾರದಿತ್ತು. ಆದರೆ ನಮ್ಮ ಕಡೆಯದೂ ಸ್ವಲ್ಪ ಕೇಳಿ. 2025ರ ಜನವರಿಯಲ್ಲಿ ಬಸ್ ದರ 15% ಏರಿತು. ಏರಿದ್ದು ನನ್ನ ಜೇಬಿಗೆ. ನಾನೂ ಲೋಡಿಂಗ್ ಕೆಲಸದವನೇ, ಸಂಬಳ ನಿಮಗಿಂತ ಜಾಸ್ತಿ ಏನಿಲ್ಲ. ನಿಮಗೆ ಸೊನ್ನೆ ಅಂದರೆ ಸಂತೋಷ. ಕೈತುಂಬ ಸಂಬಳದ ಮೇಡಂಗೂ ಸೊನ್ನೆ, ನನಗೆ ಫುಲ್ ಚಾರ್ಜು ಅಂದರೆ ಹೊಟ್ಟೆ ಉರಿಯುತ್ತೆ. 2024-25ರ ರಾಜ್ಯ ಬಜೆಟ್‌ನಲ್ಲಿ ಈ ಫ್ರೀ ಬಸ್ಸೂ ಸೇರಿ ಐದು ಗ್ಯಾರಂಟಿ ಯೋಜನೆಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ಬಡವರನ್ನು ನೋಡಿ ಕೊಡಲಿ, ಗಂಡಸು ಹೆಂಗಸು ಅಂತ ಯಾಕೆ?

ಫೈಲ್ ಅಮ್ಮ:

"ಬಡವರನ್ನು ನೋಡಿ ಕೊಡಲಿ" ಅನ್ನುವುದು ಕೇಳಲು ಚೆನ್ನ. ನೋಡುವ ಕೆಲಸ ನಾನು ಮಾಡಿದ್ದೇನೆ. ಯಾವ ಕಚೇರಿ ಅಂತ ಬೇಡ, ಪಿಂಚಣಿ ಅರ್ಜಿಗಳ ಟೇಬಲ್.

ಒಬ್ಬ ಅಜ್ಜಿ ನಾಲ್ಕು ಸಲ ಬಂದಿದ್ದರು. ಮೊದಲ ಸಲ ವಯಸ್ಸಿನ ದಾಖಲೆ ಇಲ್ಲ. ಎರಡನೇ ಸಲ ಆದಾಯದ ಸರ್ಟಿಫಿಕೇಟ್ ಹಳೆಯದು. ಮೂರನೇ ಸಲ ಬ್ಯಾಂಕ್ ಪಾಸ್‌ಬುಕ್ಕಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷಮ್ಮ. ಒಂದು ಮ ಒತ್ತಿಗೆ ಅರ್ಜಿ ವಾಪಸ್. ವಾಪಸ್ ಮಾಡಿದ ಸೀಲು ನನ್ನ ಕೈಯದೇ. ನಾಲ್ಕನೇ ಸಲ ಮೆಟ್ಟಿಲ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಿದ್ದರು. ಇನ್ನೂ 2023ರ ಜೂನ್ 11 ಬಂದಿರಲಿಲ್ಲ, ಬಸ್ಸಿಗೆ ದುಡ್ಡು ಬೇಕಿತ್ತು. ಆ ದಿನದಿಂದ ಬಸ್ ಹತ್ತಲು ತೋರಿಸಬೇಕಾದ್ದು ಒಂದೇ ಕಾರ್ಡು. ಜರಡಿ ಹಿಡಿದರೆ ಮೇಡಂ ಜೊತೆ ಅಜ್ಜಿಯೂ ಕೆಳಗೆ ಉದುರುತ್ತಾರೆ, ತಮ್ಮಾ. ಗಂಡಸರಿಗೂ ಕೊಡಿ ಅಂತ ಕೇಳು, ನಿನ್ನ ಜೊತೆ ನಾನೂ ಕೇಳುತ್ತೇನೆ.

ಹೆಗ್ಗನಹಳ್ಳಿ ತಂಗಿಗೆ ಒಂದು ಮಾತು. ಸೊನ್ನೆ ಟಿಕೆಟ್ ಸೊನ್ನೆ ಅಲ್ಲ. ಅದನ್ನು ಎಣಿಸಿಯೇ ಸರ್ಕಾರ ಬಸ್ ನಿಗಮಕ್ಕೆ ದುಡ್ಡು ಕಟ್ಟುವುದು. ಆ ದುಡ್ಡಲ್ಲಿ ನಿನ್ನದೂ ಇದೆ. 299ರ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 46 ರೂಪಾಯಿ ಜಿಎಸ್‌ಟಿ. ಚೀಟಿಯಲ್ಲಿ ಕಟ್ ಅಂತ ಬರೆದಿರುವುದಿಲ್ಲ, ಅಷ್ಟೇ.

ಹೆಗ್ಗನಹಳ್ಳಿ ಕ್ರಾಸ್:

ಎಲ್ಲರಿಗೂ ಥ್ಯಾಂಕ್ಸ್. ಮೆಜೆಸ್ಟಿಕ್ ಅಣ್ಣ, ನಿಮ್ಮ ಹೊಟ್ಟೆ ಉರಿ ನನಗೆ ಅರ್ಥ ಆಗುತ್ತೆ. ಬಸ್ ಫ್ರೀ ಆಗುವ ಮುಂಚೆ ತಿಂಗಳ ಕೊನೇ ವಾರ ನಾನು ನಡೆದೇ ಮನೆಗೆ ಹೋಗುತ್ತಿದ್ದೆ. ಈಗ ಅದೇ ಹೊತ್ತಿಗೆ ಮನೆಯಲ್ಲಿ ಅನ್ನ ಆಗಿರುತ್ತೆ. ನಿಮಗೂ ಹಾಗೇ ಆಗಬೇಕು ಅನ್ನುವುದರಲ್ಲಿ ತಪ್ಪೇನಿದೆ?

ಫೈಲ್ ಅಮ್ಮಾ, ಆ ಅಜ್ಜಿಗೆ ಕೊನೆಗೆ ಪಿಂಚಣಿ ಆಯಿತಾ? ಅದನ್ನು ನೀವು ಹೇಳಲೇ ಇಲ್ಲ.

ಮೇಷ್ಟ್ರೇ, ಇವತ್ತು ಊಟದ ಹೊತ್ತಲ್ಲಿ ನಮ್ಮ ಲೈನ್‌ನವರಿಗೆ ಬಿಸ್ಮಾರ್ಕ್ ಕಥೆ ಹೇಳಿದೆ. "ಯಾರೇ ಅವನು, ಹೊಸ ಫ್ಲೋರ್ ಇನ್‌ಚಾರ್ಜಾ?" ಅಂದಳು ಕಫ್ ಹೊಲಿಯುವವಳು. ಬೆತ್ತ, ಬೆಲ್ಲ ಎರಡೂ ಹೇಳಿದ ಮೇಲಂತೂ ಅವನೇ ಅಂತ ಗಟ್ಟಿಯಾಯಿತು.